ಮಾದರಿ ಯಾರು?

ಕನ್ನಡದಲ್ಲಿ 'ಮಾದರಿ' ಅನ್ನೋ ಮಾತಿಗೆ ಎರಡು ಅರ್ಥ. ಒಂದು, ಚೀಲದಿಂದ ತೆಗೆದು ನೋಡುವ ಹಿಡಿ ಅಕ್ಕಿ. ಇನ್ನೊಂದು, ಎಲ್ಲರೂ ಹೀಗಿರಬೇಕು ಎಂದು ತೋರಿಸುವ ಆದರ್ಶ. ಮನಶ್ಶಾಸ್ತ್ರ ಇವೆರಡನ್ನೂ ಬೆರೆಸಿಬಿಟ್ಟಿದೆ ಎಂಬುದು ನನ್ನ ತಕರಾರು.

ಮನುಷ್ಯರ ಅಧ್ಯಯನ ಮಾಡುವವರು ಎಲ್ಲರನ್ನೂ ಕೇಳಲಾರರು, ಕೆಲವರನ್ನು ಆರಿಸಲೇಬೇಕು. ಪ್ರತಿಯೊಬ್ಬರಿಗೂ ಅವಕಾಶವಿರುವಂತೆ ಚೀಟಿ ಎತ್ತುವುದು ನೇರ ದಾರಿ. ನಡೆಯುವುದು ಬೇರೆ. ಕೈಗೆ ಸಿಕ್ಕೋರನ್ನ, ಹೆಚ್ಚಾಗಿ ಮೇಷ್ಟ್ರ ತರಗತಿಯ ಹುಡುಗರನ್ನೇ, ಕೂರಿಸುತ್ತಾರೆ. ಜೆಫ್ರಿ ಆರ್ನೆಟ್ 2008ರಲ್ಲಿ ಅಮೆರಿಕದ ಆರು ಪ್ರಮುಖ ಮನಶ್ಶಾಸ್ತ್ರ ಪತ್ರಿಕೆಗಳ ಲೆಕ್ಕ ತೆಗೆದರು. 2003ರಿಂದ 2007ರವರೆಗಿನ ಅಧ್ಯಯನಗಳಲ್ಲಿ ಪಾಲ್ಗೊಂಡವರು ನೂರಕ್ಕೆ 96ರಷ್ಟು ಪಶ್ಚಿಮದ ಕೈಗಾರಿಕಾ ದೇಶಗಳವರು. ಲೋಕದ ಜನಸಂಖ್ಯೆಯಲ್ಲಿ ಅವರ ಪಾಲು ನೂರಕ್ಕೆ 12. ಈ ಹಿಡಿ ಅಕ್ಕಿ ನೋಡಿ 'ಮನುಷ್ಯನ ಮನಸ್ಸು ಹೀಗೆ' ಅಂತ ಬರೆದರು. ಉಳಿದವರೆಲ್ಲ ಅಪವಾದವಾದೆವು.

ಹಾಗಾದರೆ ಕೇರಿಯವರನ್ನೂ ಸೇರಿಸಿಕೊಂಡರೆ ಮುಗೀತಾ? ಮುಗಿಯಲ್ಲ. 1932ರಿಂದ 1972ರವರೆಗೆ ಅಲಬಾಮಾದ ಟಸ್ಕೀಗಿಯಲ್ಲಿ ಸಿಫಿಲಿಸ್ ರೋಗದ ವೈದ್ಯಕೀಯ ಅಧ್ಯಯನಕ್ಕೆ ಸುಮಾರು 600 ಕಪ್ಪು ಗಂಡಸರನ್ನು ಆರಿಸಿದರು. ಪೆನಿಸಿಲಿನ್ ಬಂದ ಮೇಲೂ ರೋಗಿಗಳಿಗೆ ಅದನ್ನು ಕೊಡಲಿಲ್ಲ. ಆಮೇಲೆ ಬಂದ 1979ರ ಬೆಲ್ಮಾಂಟ್ ವರದಿ ಆಯ್ಕೆಯನ್ನೇ ನ್ಯಾಯದ ಪ್ರಶ್ನೆಯಾಗಿಸಿತು: ಸುಲಭಕ್ಕೆ ಸಿಗುತ್ತಾರೆ, ಎದುರಾಡಲಾರರು ಎಂಬ ಕಾರಣಕ್ಕೆ ಯಾರನ್ನೂ ಆರಿಸಕೂಡದು.

ನಮ್ಮದೇ ಉದಾಹರಣೆ ಇದೆ. ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಉತ್ತರ ಪ್ರದೇಶದ ಹಳ್ಳಿಗಳಲ್ಲಿ 321 ಮೇಲುಜಾತಿಯ, 321 ಕೆಳಜಾತಿಯ ಹುಡುಗರಿಗೆ ದಾರಿ ಹುಡುಕುವ ಒಗಟು ಕೊಟ್ಟರು, 2006ರಲ್ಲಿ ಪ್ರಕಟಿಸಿದರು. ಜಾತಿ ಎತ್ತದಿದ್ದಾಗ ಇಬ್ಬರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಎಲ್ಲರೆದುರು ಜಾತಿ ಹೇಳಿದಾಗ ಕೆಳಜಾತಿಯ ಹುಡುಗರು ಬಿಡಿಸಿದ ಒಗಟುಗಳು ಕಡಿಮೆಯಾದವು. ಅಂದರೆ ಯಾರನ್ನು ಆರಿಸಿದಿರಿ ಅನ್ನೋದಷ್ಟೇ ಅಲ್ಲ, ಹೇಗೆ ಕೂರಿಸಿದಿರಿ ಅನ್ನೋದೂ ಉತ್ತರವನ್ನು ಬದಲಿಸುತ್ತದೆ. 'ಪ್ರತಿಭೆ'ಯ ಮಾತಾಡುವವರಿಗೆ ತೋರಿಸಲು ಈ ಅಧ್ಯಯನ ನನಗೆ ಬೇಕು. ಆದರೆ ಇದನ್ನು ಸಾಬೀತು ಮಾಡಲೂ ಮಕ್ಕಳ ಜಾತಿಯನ್ನು ಇನ್ನೊಮ್ಮೆ ಕೂಗಬೇಕಾಯಿತಲ್ಲ ಎಂಬ ಸಂಕಟವೂ ಇದೆ.

ಹಾಸ್ಟೆಲಿನ ಗೆಳೆಯರಿಗೆ ಒಂದು ಮಾತು. ಯಾರಾದರೂ ಪ್ರಶ್ನೆಪಟ್ಟಿ ಹಿಡಿದು ಬಂದರೆ ಓಡಿಸಬೇಡಿ. ಮೊದಲು ನೀವೇ ಕೇಳಿ: ನಾವೇ ಯಾಕೆ? ಬೇಡ ಅನ್ನಬಹುದಾ? ಬರೆದದ್ದನ್ನು ನಮಗೂ ಓದಿ ಹೇಳ್ತೀರಾ? ನಿಮ್ಮಲ್ಲೇ ಒಬ್ಬರು ನಾಳೆ ಆ ಪಟ್ಟಿ ತಯಾರಿಸುವವರಾದರೆ, ಈ ಮೂರಕ್ಕೂ ಉತ್ತರ ಇಟ್ಟುಕೊಂಡು ಹೊರಡಿ.