ಕಾವಲುದೂತರಲ್ಲಿ ನಾವು ಕೇಳಬಹುದಾದುದೆಷ್ಟು?

ಸೆಪ್ಟೆಂಬರ್ 29ರಂದು ಮಹಾದೂತರ ಹಬ್ಬ, ಅಕ್ಟೋಬರ್ 2ರಂದು ಕಾವಲುದೂತರ ಸ್ಮರಣೆ. ಬಾಲ್ಯದಲ್ಲಿ ಅಜ್ಜಿ ಹೇಳಿಕೊಟ್ಟ ಕಾವಲುದೂತರ ಪ್ರಾರ್ಥನೆಯನ್ನು ಮಲಗುವ ಮುನ್ನ ಹೇಳದೆ ಬೆಳೆದವರು ನಮ್ಮ ಮನೆಗಳಲ್ಲಿ ವಿರಳ. ಆದರೆ ಇತ್ತೀಚಿನ ವರ್ಷಗಳಲ್ಲಿ ದೂತರ ಮಾತು ಬೇರೆಯೇ ದಾರಿ ಹಿಡಿದಿದೆ. ನಿಮ್ಮ ದೂತನ ಹೆಸರನ್ನು ತಿಳಿಸಿಕೊಡುತ್ತೇವೆ, ಚೀಟಿ ಎತ್ತಿ ಅವನ ಸಂದೇಶವನ್ನು ಓದಿ ಹೇಳುತ್ತೇವೆ, ಉದ್ಯೋಗ, ವಿವಾಹ, ಸ್ವಂತ ಮನೆ ಎಲ್ಲವೂ ಕೈಗೂಡುತ್ತವೆ ಎಂದು ಶುಲ್ಕ ಪಡೆದು ತರಬೇತಿ ನೀಡುವವರು ಹುಟ್ಟಿಕೊಂಡಿದ್ದಾರೆ. ಭಾನುವಾರ ಬಲಿಪೂಜೆಗೆ ತಪ್ಪದೆ ಬರುವವರೂ ಅತ್ತ ಕುತೂಹಲದಿಂದ ನೋಡುತ್ತಿರುವುದುಂಟು.

ಇದನ್ನು ಬರೆಯಲು ನಮಗೆ ಇನ್ನೊಂದು ಕಾರಣವೂ ಇದೆ. ಕೆಲವು ವರ್ಷಗಳ ಹಿಂದೆ, ನಮ್ಮಲ್ಲಿ ಧರ್ಮೋಪದೇಶ ಕಲಿತಿದ್ದ ಯುವಕನೊಬ್ಬ ಮನೆಗೆ ಬಂದನು. ನರ್ಸಿಂಗ್ ಮುಗಿಸಿದವನು, ಗಲ್ಫ್ ರಾಷ್ಟ್ರದ ಆಸ್ಪತ್ರೆಯೊಂದರಿಂದ ಕರೆ ಬಂದಿತ್ತು. ಮನೆಯಲ್ಲಿ ಹಾಸಿಗೆ ಹಿಡಿದ ತಂದೆ. "ಮಾಸ್ತರರೇ, ಹೋಗುವುದೋ, ಬೇಡವೋ?" ಎಂದು ಕೇಳಿದನು. ಉತ್ತರ ತೋಚದ ನಾವು, "ಕಾವಲುದೂತರಲ್ಲಿ ಪ್ರಾರ್ಥಿಸು, ಸೂಚನೆ ಸಿಕ್ಕೇ ಸಿಗುತ್ತದೆ" ಎಂದುಬಿಟ್ಟೆವು. ಆತ ನಮ್ಮ ಮಾತನ್ನು ಹಾಗೆಯೇ ನಂಬಿದನು. ಒಂದು ನೊವೆನಾ ಮುಗಿಯಿತು, ಸೂಚನೆ ಬರಲಿಲ್ಲ, ಎರಡನೆಯದನ್ನು ಆರಂಭಿಸಿದನು. ಅಷ್ಟರಲ್ಲಿ ಆಸ್ಪತ್ರೆಯವರು ಕೊಟ್ಟ ಗಡುವು ತೀರಿಹೋಗಿತ್ತು. ಆತ ನಮ್ಮನ್ನು ದೂರಲಿಲ್ಲ. ತನ್ನ ವಿಶ್ವಾಸದಲ್ಲೇ ಕೊರತೆಯಿದ್ದಿರಬೇಕೆಂದು ತನ್ನನ್ನೇ ಹಳಿದುಕೊಂಡನು. ನಮ್ಮನ್ನು ಹೆಚ್ಚು ನೋಯಿಸಿದ್ದು ಅದೇ.

ಅಂದು ನಾವು ಆತನಿಗೆ ತೋಬಿತನ ಗ್ರಂಥವನ್ನು ಓದಲು ಹೇಳಬೇಕಿತ್ತು. ದೇವದೂತರೊಬ್ಬರು ಮನುಷ್ಯನಿಗೆ ಜೊತೆಗಾರರಾಗಿ ನಡೆದ ಕಥೆಯನ್ನು ಇಷ್ಟು ವಿವರವಾಗಿ ಹೇಳುವ ಗ್ರಂಥ ಬೈಬಲಿನಲ್ಲಿ ಇನ್ನೊಂದಿಲ್ಲ. ನಿನೆವೆಯಲ್ಲಿ ಗಡೀಪಾರಿನ ಬಾಳು ಬಾಳುತ್ತಿದ್ದ ತೋಬಿತನು ಗುಬ್ಬಿಗಳ ಹಿಕ್ಕೆ ಕಣ್ಣಿಗೆ ಬಿದ್ದು ಕುರುಡನಾಗುತ್ತಾನೆ. ಮೇದ್ಯ ದೇಶದಲ್ಲಿ ಒಬ್ಬರ ಬಳಿ ಇಟ್ಟಿದ್ದ ಹತ್ತು ತಲಾಂತು ಬೆಳ್ಳಿಯನ್ನು ತರಲು ಮಗ ತೋಬಿಯನನ್ನು ಕಳುಹಿಸುತ್ತಾನೆ. ದಾರಿ ಬಲ್ಲ ಜೊತೆಗಾರನಾಗಿ ಬಂದವರು ರಫಾಯೇಲ್ ದೂತರು. ಆದರೆ ಅಜರ್ಯ ಎಂಬ ಸಾಮಾನ್ಯ ಹೆಸರಿನಲ್ಲಿ, ದಿನಕ್ಕೆ ಒಂದು ದ್ರಾಕ್ಮ ಕೂಲಿಯ ಮಾತಿನ ಮೇಲೆ.

ಈ ಪ್ರಯಾಣದಲ್ಲಿ ದೂತರು ಏನು ಮಾಡಿದರು, ಏನು ಮಾಡಲಿಲ್ಲ ಎಂಬುದನ್ನು ಗಮನಿಸಬೇಕು. ತೋಬಿಯನನ್ನು ಹೊತ್ತುಕೊಂಡು ಹೋಗಲಿಲ್ಲ; ಅವನೊಡನೆ ನಡೆದರು, ಹಿಂದೆ ಮನೆಯ ನಾಯಿಯೂ ನಡೆಯಿತು. ತಿಗ್ರಿಸ್ ನದಿಯಲ್ಲಿ ದೊಡ್ಡ ಮೀನು ಮೇಲೆರಗಿದಾಗ ಅದನ್ನು ತಾವೇ ಓಡಿಸದೆ, ಹಿಡಿ ಎಂದರು. ಹಿಡಿದವನು ತೋಬಿಯ, ಸೀಳಿ ಪಿತ್ತ, ಹೃದಯ, ಯಕೃತ್ತುಗಳನ್ನು ತೆಗೆದಿರಿಸಿದವನೂ ತೋಬಿಯನೇ. ಏಳು ಮಂದಿ ಗಂಡಂದಿರನ್ನು ಕಳೆದುಕೊಂಡಿದ್ದ ಸಾರಳನ್ನು ವರಿಸುವಂತೆ ದೂತರು ಸೂಚಿಸಿದಾಗ ಆತನಿಗೆ ಭಯವಾಯಿತು. ಭಯವನ್ನು ಬಾಯಿಬಿಟ್ಟು ಹೇಳಿದನು. ದೂತರು ಸಮಾಧಾನ ಹೇಳಿದರು, ಉಪಾಯ ತಿಳಿಸಿದರು. ಆದರೆ ಆ ರಾತ್ರಿ ಕೋಣೆಯೊಳಗೆ ಹೆಜ್ಜೆಯಿಟ್ಟು ಪ್ರಾರ್ಥಿಸಬೇಕಾದವನು ತೋಬಿಯನೇ ಆಗಿದ್ದನು. ಇತ್ತ ನಿನೆವೆಯಲ್ಲಿ ತಾಯಿ ಅನ್ನ ದಿನವೂ ದಾರಿ ನೋಡಿ ಅಳುತ್ತಿದ್ದಳು, ಮಗ ಸತ್ತೇ ಹೋದನೆಂದು ಗಂಡನೊಡನೆ ಜಗಳವಾಡುತ್ತಿದ್ದಳು. ಮಗನ ಪಕ್ಕದಲ್ಲಿ ಮಹಾದೂತರೇ ನಡೆಯುತ್ತಿದ್ದಾರೆಂಬ ಸುದ್ದಿಯನ್ನು ಆಕೆಗೆ ಯಾರೂ ಮುಟ್ಟಿಸಲಿಲ್ಲ. ಎಲ್ಲವೂ ಮುಗಿದು, ತಂದೆಗೆ ಕಣ್ಣು ಬಂದು, ತಂದ ಸೊತ್ತಿನಲ್ಲಿ ಅರ್ಧವನ್ನು ಕೊಡಲು ಮುಂದಾದಾಗ ಮಾತ್ರ ದೂತರು ತಾವು ಯಾರೆಂದು ತಿಳಿಸಿ, ದೇವರನ್ನು ಸ್ತುತಿಸಿರೆಂದು ಹೇಳಿ ಕಣ್ಮರೆಯಾದರು. ಮೊದಲೇ ಹೆಸರು ಕೇಳಿ ಶುಲ್ಕ ಕಟ್ಟಿಸಿಕೊಳ್ಳುವ ಇಂದಿನ ಪದ್ಧತಿಗೂ ಇದಕ್ಕೂ ಎಷ್ಟು ದೂರ!

ಇದು ಗ್ರಂಥದ ಕಥೆಯಾಯಿತು, ಚರಿತ್ರೆಯಲ್ಲಿ ಉದಾಹರಣೆ ಇದೆಯೇ ಎಂದು ವಾಚಕರು ಕೇಳಬಹುದು. ಫ್ರಾನ್ಸಿನ ಸಂತ ಜೋನ್ ಆಫ್ ಆರ್ಕ್ ಇದ್ದಾಳೆ. ಹದಿಮೂರರ ಪ್ರಾಯದಲ್ಲಿ ಆಕೆಗೆ ಧ್ವನಿಗಳು ಕೇಳತೊಡಗಿದವು. ಅವು ಮಹಾದೂತ ಮಿಕಾಯೇಲ್, ಸಂತ ಕ್ಯಾತರೀನ್, ಸಂತ ಮಾರ್ಗರೆಟ್ ಇವರದೆಂದು ಆಕೆ ಹೇಳಿದಳು. 1429ರ ಮೇ 8ರಂದು ಓರ್ಲೆಯಾನ್ಸ್ ನಗರದ ಮುತ್ತಿಗೆ ತೆರವಾಯಿತು; ಜುಲೈ 17ರಂದು ರೀಮ್ಸ್‌ನಲ್ಲಿ ರಾಜನ ಪಟ್ಟಾಭಿಷೇಕವೂ ನಡೆಯಿತು. ನಾವು ಸಾಮಾನ್ಯವಾಗಿ ಹೇಳುವುದು ಇಷ್ಟನ್ನೇ. ಮುಂದಿನದನ್ನು ಆಕೆಯೇ 1431ರಲ್ಲಿ ರೂಆನ್ ನಗರದ ವಿಚಾರಣೆಯಲ್ಲಿ ಹೇಳಿದ್ದಾಳೆ. ಸೆರೆ ಸಿಕ್ಕುವಳೆಂದು ಧ್ವನಿಗಳು ಮುಂಚೆಯೇ ತಿಳಿಸಿದ್ದವು, ಆದರೆ ದಿನವನ್ನಾಗಲಿ ಗಳಿಗೆಯನ್ನಾಗಲಿ ತಿಳಿಸಿರಲಿಲ್ಲ. 1430ರ ಮೇ 23ರಂದು ಕಾಂಪಿಯೇನ್ ಬಳಿ ಆಕೆ ಸೆರೆಯಾದಳು. ಬಳಿಕ ಬೋರೆವ್ವಾ ಕೋಟೆಯ ಗೋಪುರದಿಂದ, ಬೇಡವೆಂದು ಸಂತ ಕ್ಯಾತರೀನ್ ಮತ್ತೆ ಮತ್ತೆ ಎಚ್ಚರಿಸಿದರೂ ಕೇಳದೆ ಕೆಳಗೆ ಹಾರಿ ಪೆಟ್ಟು ಮಾಡಿಕೊಂಡಳು. ಯಾರೂ ಆಕೆಯ ಕೈ ಹಿಡಿದು ತಡೆಯಲಿಲ್ಲ. ಮಾರ್ಗದರ್ಶನ ಎಂದರೆ ಬಲವಂತವಲ್ಲವಷ್ಟೆ. ಮಹಾ ಜಯದಿಂದ ಬಿಡುಗಡೆಯಾಗುವೆ ಎಂಬ ಮಾತನ್ನೂ ಆಕೆ ಕೇಳಿದ್ದಳು. ಅದು ಸೆರೆಮನೆಯ ಬಿಡುಗಡೆಯೋ ಮತ್ತಾವುದೋ ಆಕೆಗೆ ಸ್ಪಷ್ಟವಿರಲಿಲ್ಲ. ಮೇ 24ರಂದು ಹೆದರಿ ತಪ್ಪೊಪ್ಪಿಗೆಗೆ ಗುರುತು ಹಾಕಿದಳು, ನಾಲ್ಕೇ ದಿನಗಳಲ್ಲಿ ಅದನ್ನು ಹಿಂತೆಗೆದುಕೊಂಡಳು, 30ರಂದು ಬೆಂಕಿಗೆ ಆಹುತಿಯಾದಳು. ಆ ತೀರ್ಪನ್ನು ಧರ್ಮಸಭೆ 1456ರಲ್ಲಿ ರದ್ದುಗೊಳಿಸಿತು. ಸಂತ ಪದವಿ ದೊರೆತುದು 1920ರಲ್ಲಿ. ಇಂಥವಳಿಗೇ ಗಳಿಗೆ ತಿಳಿಯದಿದ್ದ ಮೇಲೆ, ವೀಸಾದ ಗಡುವಿನೊಳಗೆ ಸೂಚನೆ ಬರುತ್ತದೆಂದು ನಾವು ಒಬ್ಬ ಹುಡುಗನಿಗೆ ಭರವಸೆ ಕೊಟ್ಟೆವಲ್ಲ!

ಬಂದ ಧ್ವನಿಗಳೆಲ್ಲ ಒಳ್ಳೆಯವೇ ಎಂಬ ಖಾತರಿಯೂ ಇಲ್ಲ. ಯೇಸುಸಭೆಯ ಸ್ಥಾಪಕ ಸಂತ ಇಗ್ನಾಸಿಯವರು 1522ರಲ್ಲಿ ಮನ್ರೇಸಾ ಊರಿನಲ್ಲಿದ್ದಾಗ ಗಾಳಿಯಲ್ಲಿ ಸರ್ಪದಂತಹ, ಕಣ್ಣುಗಳಂತೆ ಹೊಳೆಯುವ ಬಿಂದುಗಳುಳ್ಳ ಸುಂದರ ವಸ್ತುವೊಂದನ್ನು ಪದೇ ಪದೇ ಕಾಣುತ್ತಿದ್ದರು. ಕಂಡಾಗ ಆನಂದ, ಮರೆಯಾದಾಗ ಖಿನ್ನತೆ. ಅದು ದುಷ್ಟಶಕ್ತಿಯದೆಂದು ಅವರು ಶಿಲುಬೆಯ ಮುಂದೆ ಮೊಣಕಾಲೂರಿದಾಗ ಕಂಡುಕೊಂಡದ್ದು ಬಹಳ ತಡವಾಗಿ. ನಮಗೆ ಇನ್ನೂ ಹಿಡಿಸುವುದು ಮತ್ತೊಂದು ಪ್ರಸಂಗ. ರಾತ್ರಿ ಮಲಗುವ ಹೊತ್ತಿಗೇ ಅವರಿಗೆ ಮಹತ್ತಾದ ಅರಿವು, ಸಾಂತ್ವನಗಳು ಬಂದು ನಿದ್ರೆ ಕೆಡುತ್ತಿತ್ತು. ಹಗಲಿನಲ್ಲಿ ಏಳು ಗಂಟೆ ಪ್ರಾರ್ಥನೆಗೆ ಮೀಸಲಿರುವಾಗ ನಿದ್ರೆಯ ಹೊತ್ತಿಗೆ ಬರುವ ಇವು ಒಳ್ಳೆಯ ಮೂಲದಿಂದ ಬಂದವೇ ಎಂದು ಶಂಕಿಸಿ, ಅವನ್ನು ಬಿಟ್ಟು ಮಲಗಿಬಿಟ್ಟರು. ಮುಂದೆ ಅವರು ಬರೆದ ಆಧ್ಯಾತ್ಮಿಕ ಸಾಧನೆಗಳ ಗ್ರಂಥದಲ್ಲಿ, ಧ್ಯಾನ ನಡೆಸಿಕೊಡುವ ಗುರು ತಕ್ಕಡಿಯ ಮುಳ್ಳಿನಂತೆ ನಡುವೆ ನಿಲ್ಲಬೇಕು, ಯಾವ ಕಡೆಗೂ ವಾಲಬಾರದು ಎಂದಿದ್ದಾರೆ. ನಿರ್ಧಾರ ಮಾಡಬೇಕಾದವನು ಧ್ಯಾನಕ್ಕೆ ಕುಳಿತವನೇ.

ದೂತರ ಹೆಸರಿನ ವಿಷಯದಲ್ಲಿ ಧರ್ಮಸಭೆಯ ನಿಲುವು ಸ್ಪಷ್ಟ. ಪವಿತ್ರ ಗ್ರಂಥದಲ್ಲಿರುವ ಮಿಕಾಯೇಲ್, ಗಬ್ರಿಯೇಲ್, ರಫಾಯೇಲ್ ಈ ಮೂವರ ಹೊರತು ದೂತರಿಗೆ ಹೆಸರಿಡುವುದನ್ನು ಜನಭಕ್ತಿಯ ಕುರಿತ 2001ರ ವ್ಯಾಟಿಕನ್ ಮಾರ್ಗದರ್ಶಿಕೆ ನಿರುತ್ತೇಜಿಸುತ್ತದೆ. ಮಾಧ್ಯಮದವರ ಮೂಲಕ ಭವಿಷ್ಯ ಕೇಳುವುದನ್ನು 1992ರ ಧರ್ಮೋಪದೇಶ ಗ್ರಂಥ ನಿಷೇಧಿಸುತ್ತದೆ. ಇನ್ನು, ಯಾರಿಗಾದರೂ ನಿಜವಾಗಿ ಧ್ವನಿ ಕೇಳಿಸುತ್ತಿದ್ದು, ಅದು ಅನ್ನ ನಿದ್ರೆ ಬಿಡಿಸುತ್ತಿದ್ದರೆ, ತನಗೋ ಇತರರಿಗೋ ಹಾನಿ ಮಾಡೆಂದು ಹೇಳುತ್ತಿದ್ದರೆ, ಗುರುಗಳ ಬಳಿಗೆ ಹೋಗುವಂತೆಯೇ ಮನೋವೈದ್ಯರ ಬಳಿಗೂ ತಡಮಾಡದೆ ಕರೆದೊಯ್ಯಬೇಕು. ಇದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ.

ಹಾಗಾದರೆ ಕಾವಲುದೂತರ ಪ್ರಾರ್ಥನೆಯನ್ನು ನಿಲ್ಲಿಸಬೇಕೇ? ನಾವಂತೂ ನಿಲ್ಲಿಸಿಲ್ಲ. ಈಗ ಕೇಳುವುದು ಮಾತ್ರ ಬದಲಾಗಿದೆ. ಏನಾಗುವುದೆಂದು ತಿಳಿಸಿರಿ ಎಂದು ಕೇಳುವುದಿಲ್ಲ. ಭಯದಲ್ಲಿ ಬುದ್ಧಿ ಕೆಡದಂತೆ ಜೊತೆಗಿರಿ ಎನ್ನುತ್ತೇವೆ.

ಆ ಯುವಕ ಊರಿನ ಸಮೀಪದ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕೆ ಸೇರಿದನು. ತಂದೆಯ ಕೊನೆಯ ಎರಡು ವರ್ಷಗಳ ಆರೈಕೆಯನ್ನು ತಾನೇ ಮಾಡಿದನು. ಅದೇ ಸೂಚನೆಯಾಗಿತ್ತೆಂದು ಹೇಳಿ ನಮ್ಮ ತಪ್ಪನ್ನು ಮುಚ್ಚಿಕೊಳ್ಳಲು ನಮಗೆ ಮನಸ್ಸಿಲ್ಲ. ಕೈತಪ್ಪಿದ ಸಂಬಳದಿಂದ ತಂಗಿಯ ಓದು ಅರ್ಧಕ್ಕೆ ನಿಂತದ್ದೂ ನಿಜ. ಈ ವರ್ಷ ಆತ ಮತ್ತೆ ಬಂದನು, ಹೊಸ ಅರ್ಜಿಯೊಂದಿಗೆ. ಸೂಚನೆಯ ಮಾತನ್ನೆತ್ತಲಿಲ್ಲ. "ಮಾಸ್ತರರೇ, ಒಮ್ಮೆ ಓದಿ ನೋಡಿ" ಎಂದಷ್ಟೇ ಹೇಳಿದನು. ಪಾಸ್‌ಪೋರ್ಟ್ ಸಂಖ್ಯೆಯಲ್ಲಿ ಒಂದು ಅಂಕಿ ತಪ್ಪಾಗಿತ್ತು. ತೋರಿಸಿದೆವು, ತಿದ್ದಿಕೊಂಡು ಹೋದನು.