ಮನೆಯಲ್ಲಿ ಹೆಬ್ಬಾವು ಸಾಕಬಹುದೇ?

ನಮ್ಮ ಕಾಡಿನ ಹೆಬ್ಬಾವಾದರೆ ಖಂಡಿತ ಇಲ್ಲ! 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿದೆ ಅದು. ಹಿಡಿದಿಟ್ಟುಕೊಂಡರೆ ಕನಿಷ್ಠ 3 ವರ್ಷ ಜೈಲು, 7 ವರ್ಷದವರೆಗೂ ಆಗಬಹುದು.

ಹೊರದೇಶದ ಬಾಲ್ ಪೈಥಾನ್, ಅನಕೊಂಡಗಳ ಲೆಕ್ಕ ಬೇರೆ. 2022ರ ತಿದ್ದುಪಡಿಯಿಂದ ಇವು ನಾಲ್ಕನೇ ಅನುಸೂಚಿಗೆ ಬಂದಿವೆ. ಸಾಕುವವರು ಕೇಂದ್ರ ಪರಿಸರ ಸಚಿವಾಲಯದ ‘ಪರಿವೇಶ್’ ಪೋರ್ಟಲ್‌ನಲ್ಲಿ ನೋಂದಾಯಿಸಲೇಬೇಕು. ಮರಿಯಾದರೂ, ಸತ್ತರೂ, ಬೇರೆಯವರ ಕೈಗೆ ಹೋದರೂ ತಿಳಿಸಬೇಕು. ವಿದೇಶದಿಂದ ತರಲು ಸೈಟಿಸ್ (ಅಳಿವಿನಂಚಿನ ಜೀವಿಗಳ ಅಂತಾರಾಷ್ಟ್ರೀಯ ವ್ಯಾಪಾರ ಒಪ್ಪಂದ) ಪರವಾನಗಿ ಬೇಕು.

ಆದರೂ ಕಳ್ಳಸಾಗಣೆ ನಿಂತಿಲ್ಲ. 2024ರ ಏಪ್ರಿಲ್‌ನಲ್ಲಿ ಬ್ಯಾಂಕಾಕ್‌ನಿಂದ ಬೆಂಗಳೂರಿಗೆ ಬಂದಿಳಿದ ಪ್ರಯಾಣಿಕನೊಬ್ಬನ ಬ್ಯಾಗಿನಲ್ಲಿ 10 ಹಳದಿ ಅನಕೊಂಡಗಳು ಸಿಕ್ಕವು! ಜೀವವಿರುವ ಪ್ರಾಣಿಯನ್ನು ಹೀಗೆ ಬ್ಯಾಗಿಗೆ ತುರುಕುವುದು ಅಪರಾಧ ಮಾತ್ರವಲ್ಲ, ಕ್ರೌರ್ಯ.

ಯಾರಾದರೂ ಹಾವಿನ ಮರಿ ಮಾರಲು ಬಂದರೆ ಮೊದಲು ದಾಖಲೆ ಕೇಳಿ. ತೋರಿಸದಿದ್ದರೆ ಕೊಳ್ಳಬೇಡಿ, ಅರಣ್ಯ ಇಲಾಖೆಗೆ ತಿಳಿಸಿ.