ಮಕ್ಕಳ ದೇಹಕ್ಕೆ ಬೇಕಾದ ನೀರು: ಶಾಲೆಯಲ್ಲಿ ವಹಿಸಬೇಕಾದ ಎಚ್ಚರ

ಸೋಲಾಪುರ, ಅಕ್ಕಲಕೋಟೆ, ಜತ್ತ ಭಾಗದ ಬಯಲುಸೀಮೆಯಲ್ಲಿ ಹೋಳಿ ಹುಣ್ಣಿಮೆ ಕಳೆಯುತ್ತಿದ್ದಂತೆ ಬಿಸಿಲು ಏರತೊಡಗುತ್ತದೆ. ಮುಂದೆ ಮಳೆ ಬಿದ್ದು ಬಾವಿ, ಕೆರೆಗಳಿಗೆ ಹೊಸ ನೀರು ಸೇರಿದಾಗ ವಾಂತಿಭೇದಿಯ ಭಯ ಎದುರಾಗುತ್ತದೆ. ಬಿಸಿಲಿನಲ್ಲಿ ಬೆವರಿನ ಮೂಲಕ, ಭೇದಿಯಲ್ಲಿ ಮಲದ ಮೂಲಕ ಮಗುವಿನ ದೇಹ ಕಳೆದುಕೊಳ್ಳುವುದು ನೀರನ್ನು ಮತ್ತು ಲವಣವನ್ನು. ಕಳೆದುಕೊಂಡಷ್ಟು ಮರಳಿ ಸೇರದಿದ್ದರೆ ಉಂಟಾಗುವ ಸ್ಥಿತಿಯೇ ನಿರ್ಜಲೀಕರಣ. ಇದನ್ನು ಆರಂಭದಲ್ಲಿಯೇ ಗುರುತಿಸಿದರೆ ಬಹುಪಾಲು ಮಕ್ಕಳನ್ನು ಸೂಜಿ, ಸಲೈನುಗಳ ಹಂಗಿಲ್ಲದೆ ಉಳಿಸಿಕೊಳ್ಳಬಹುದು. ದಿನದ ಐದಾರು ತಾಸು ಮಗುವನ್ನು ಕಣ್ಣೆದುರಿಗೆ ಕಾಣುವವರು ಶಿಕ್ಷಕರು. ಆದುದರಿಂದ ಮೊದಲು ಗುರುತಿಸಬೇಕಾದವರೂ ಅವರೇ.

ಮಗುವಿಗೆ ಎಷ್ಟು ನೀರು ಬೇಕು?

1957ರಲ್ಲಿ ಹಾಲಿಡೇ ಮತ್ತು ಸೇಗರ್ ಎಂಬ ಅಮೆರಿಕದ ಮಕ್ಕಳ ವೈದ್ಯರು ದೇಹದ ತೂಕದ ಮೇಲಿಂದ ದ್ರವದ ಅಗತ್ಯವನ್ನು ಎಣಿಸುವ ಸರಳ ಸೂತ್ರವೊಂದನ್ನು ಪ್ರಕಟಿಸಿದರು. ಮೊದಲ 10 ಕಿಲೋಗೆ ಪ್ರತಿ ಕಿಲೋಗೆ 100 ಮಿಲಿಲೀಟರ್, ಮುಂದಿನ 10 ಕಿಲೋಗೆ ಪ್ರತಿ ಕಿಲೋಗೆ 50, ಅದಕ್ಕೂ ಮೇಲಿನ ಪ್ರತಿ ಕಿಲೋಗೆ 20. ಇದರಂತೆ 20 ಕಿಲೋ ತೂಕದ ಮಗುವಿಗೆ ದಿನಕ್ಕೆ 1500, 30 ಕಿಲೋ ತೂಕದ ಮಗುವಿಗೆ 1700 ಮಿಲಿಲೀಟರ್ ದ್ರವ ಬೇಕು. ಸೂತ್ರ ಹುಟ್ಟಿದ್ದು ಆಸ್ಪತ್ರೆಯ ಬಳಕೆಗಾಗಿ. ಶಾಲೆಯಲ್ಲಿ ಅದನ್ನು ಅಂದಾಜಿಗೆ ಮಾತ್ರ ಬಳಸಬೇಕು. ಹಾಲು, ಮಜ್ಜಿಗೆ, ಸಾರು, ಅಂಬಲಿಗಳಲ್ಲಿರುವ ನೀರೂ ಈ ಲೆಕ್ಕದಲ್ಲಿ ಸೇರುತ್ತದೆ. ಬಿಸಿಲು, ಆಟ, ಜ್ವರ, ಭೇದಿ ಇದ್ದಾಗ ಅಗತ್ಯ ಇನ್ನೂ ಹೆಚ್ಚುತ್ತದೆ. ಆಟದಲ್ಲಿ ಮುಳುಗಿದ ಮಗು ನೀರಡಿಕೆಯನ್ನು ಗಮನಿಸುವುದು ಕಡಿಮೆ. ಕೇಳಿದಾಗ ಮಾತ್ರ ನೀರು ಕೊಡುವ ಪದ್ಧತಿ ಆದುದರಿಂದ ಸಾಲದು.

ಲಕ್ಷಣಗಳು

ಬಾಯಿ, ತುಟಿ ಒಣಗುವುದು, ತಲೆನೋವು, ಮಂಕುತನ, ಮೂತ್ರ ಕಡಿಮೆಯಾಗಿ ಗಾಢ ಹಳದಿ ಬಣ್ಣಕ್ಕೆ ತಿರುಗುವುದು ಮೊದಲ ಸೂಚನೆಗಳು. ಕಣ್ಣು ಗುಳಿಬಿದ್ದು, ಮಗು ಕಿರಿಕಿರಿಗೊಂಡು, ಕೊಟ್ಟ ನೀರನ್ನು ಆತುರದಿಂದ ಕುಡಿಯುತ್ತಿದ್ದರೆ ನಿರ್ಜಲೀಕರಣ ಮುಂದುವರಿದಿದೆ ಎಂದು ತಿಳಿಯಬೇಕು. ಮಗು ತೂಕಡಿಸುತ್ತ, ಕರೆದರೆ ಓಗೊಡದೆ, ನೀರು ಕುಡಿಯಲೂ ಆಗದ ಸ್ಥಿತಿಯಲ್ಲಿದ್ದರೆ ಅದು ಪ್ರಾಣಾಪಾಯ. ಆಗ 108ಕ್ಕೆ ಕರೆ ಮಾಡಬೇಕು. ಎಚ್ಚರವಿಲ್ಲದ ಮಗುವಿನ ಬಾಯಿಗೆ ಏನನ್ನೂ ಹಾಕಬಾರದು. ಬಿಸಿಲಿನಿಂದ ಮೈ ಕೆಂಡದಂತೆ ಸುಡುತ್ತಿದ್ದು ಮಗು ಅಸಂಬದ್ಧವಾಗಿ ಮಾತನಾಡುತ್ತಿದ್ದರೆ, ವಾಹನ ಬರುವವರೆಗೆ ನೆರಳಿನಲ್ಲಿ ಮಲಗಿಸಿ, ಬಟ್ಟೆ ಸಡಿಲಿಸಿ, ಮೈಗೆ ನೀರು ಹಾಕಿ ಗಾಳಿ ಬೀಸುತ್ತಿರಬೇಕು.

ಓಆರ್‌ಎಸ್: ಬಳಸುವ ಕ್ರಮ

ಕರುಳು ಸಕ್ಕರೆಯ ಅಂಶವನ್ನು ಹೀರುವಾಗ ಉಪ್ಪನ್ನೂ ಜೊತೆಗೆ ಹೀರುತ್ತದೆ. ಅವುಗಳ ಹಿಂದೆಯೇ ನೀರೂ ಒಳಸೇರುತ್ತದೆ. ಭೇದಿಯಾಗುತ್ತಿರುವಾಗಲೂ ಈ ಕ್ರಿಯೆ ನಿಲ್ಲುವುದಿಲ್ಲ. ಓಆರ್‌ಎಸ್ ನಿಂತಿರುವುದು ಈ ತತ್ತ್ವದ ಮೇಲೆ. 1971ರ ಬಾಂಗ್ಲಾದೇಶ ವಿಮೋಚನಾ ಯುದ್ಧದ ಕಾಲದಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ ಸಲೈನು ಸಾಲದಾದಾಗ, ಡಾ. ದಿಲೀಪ್ ಮಹಾಲನಬೀಸ್ ಅವರು ಈ ದ್ರಾವಣವನ್ನು ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ಶೇಕಡಾ 30ರ ಆಸುಪಾಸಿನಲ್ಲಿದ್ದ ಸಾವಿನ ಪ್ರಮಾಣ ಶೇಕಡಾ 4ಕ್ಕಿಂತ ಕೆಳಗಿಳಿಯಿತು. ವೈದ್ಯರಲ್ಲದವರೂ ಇದನ್ನು ಸರಿಯಾಗಿ ಕೊಡಬಲ್ಲರೆಂಬುದಕ್ಕೆ ಆ ಶಿಬಿರವೇ ಸಾಕ್ಷಿ.

ದೊಡ್ಡ ಪೊಟ್ಟಣವನ್ನು ಪೂರ್ತಿಯಾಗಿ 1 ಲೀಟರ್ ಶುದ್ಧ ನೀರಿನಲ್ಲಿ ಕರಗಿಸಬೇಕು. ಚಿಕ್ಕ ಪೊಟ್ಟಣಗಳೂ ದೊರೆಯುವುದರಿಂದ ಮೇಲೆ ಮುದ್ರಿಸಿದ ಅಳತೆಯನ್ನು ಓದಿಯೇ ಕಲಸಬೇಕು. ನೀರು ಕಡಿಮೆಯಾದರೆ ಉಪ್ಪು ಅತಿಯಾಗಿ ಅಪಾಯ. ಹೆಚ್ಚಾದರೆ ಪ್ರಯೋಜನ ಕುಗ್ಗುತ್ತದೆ. ಕಲಸಿದ್ದನ್ನು 24 ತಾಸಿನೊಳಗೆ ಬಳಸಿ, ಉಳಿದುದನ್ನು ಚೆಲ್ಲಬೇಕು. 2 ವರ್ಷ ಮೀರಿದ ಮಗುವಿಗೆ ಪ್ರತಿ ಭೇದಿಯ ನಂತರ 100ರಿಂದ 200 ಮಿಲಿಲೀಟರ್ ಕೊಡಬೇಕು. ವಾಂತಿಯಾದರೆ 10 ನಿಮಿಷ ತಡೆದು, ಮತ್ತೆ ಗುಟುಕು ಗುಟುಕಾಗಿ ಕುಡಿಸಬೇಕು. ಪೊಟ್ಟಣ ಸಿಗದಿದ್ದಾಗ 1 ಲೀಟರ್ ನೀರಿಗೆ ಮಟ್ಟಸ 6 ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು ಬೆರೆಸಿ ಕೊಡಬಹುದು. ಉಪ್ಪು ಬೆರೆತ ಮಜ್ಜಿಗೆ, ಗಂಜಿ, ಬೇಳೆಯ ಕಟ್ಟು ಸಹ ಒಳ್ಳೆಯವು. ಭೇದಿಯಾದಾಗ ಊಟ ನಿಲ್ಲಿಸುವ ರೂಢಿ ತಪ್ಪು ಎಂಬುದನ್ನು ಪಾಲಕರಿಗೆ ತಿಳಿಸಿ ಹೇಳಬೇಕು.

ಅಂಗಡಿಯ ಸಿಹಿ ಪಾನೀಯ ಓಆರ್‌ಎಸ್ ಅಲ್ಲ. ಅದರ ಅತಿ ಸಕ್ಕರೆ ಭೇದಿಯನ್ನು ಹೆಚ್ಚಿಸಬಲ್ಲದು. ಸೂತ್ರಕ್ಕೆ ಹೊಂದದ ಪಾನೀಯಗಳ ಹೆಸರಿನಲ್ಲಿ ‘ಓಆರ್‌ಎಸ್’ ಎಂಬ ಪದ ಬಳಸಕೂಡದೆಂದು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ 2025ರ ಅಕ್ಟೋಬರಿನಲ್ಲಿ ಆದೇಶಿಸಿದೆ.

ಶಾಲೆಯ ವ್ಯವಸ್ಥೆ

ಕೇರಳದ ಕೆಲವು ಶಾಲೆಗಳು 2019ರಲ್ಲಿ ನೀರು ಕುಡಿಯಲೆಂದೇ ಪ್ರತ್ಯೇಕ ಗಂಟೆ ಬಾರಿಸುವ ಪದ್ಧತಿಯನ್ನು ತಂದವು. ಖರ್ಚಿಲ್ಲದ ಈ ಕ್ರಮವನ್ನು ಯಾವ ಶಾಲೆಯೂ ಅಳವಡಿಸಿಕೊಳ್ಳಬಹುದು. ನೀರಿನ ಹರವಿಗೆ ಮುಚ್ಚಳ, ಉದ್ದ ಹಿಡಿಕೆಯ ಸೌಟು ಇರಬೇಕು. ಕೈ ಅದ್ದಿ ನೀರು ತೆಗೆಯುವುದಕ್ಕೆ ಅವಕಾಶವಿರಬಾರದು. ಆದರೆ ಗಂಟೆ ಬಾರಿಸಿದ ಮಾತ್ರಕ್ಕೆ ಕೆಲಸ ಮುಗಿಯದು. ಶೌಚಾಲಯ ಹೊಲಸಾಗಿದ್ದರೆ, ಅಗಳಿ ಇಲ್ಲದಿದ್ದರೆ ಹೆಣ್ಣುಮಕ್ಕಳು ಅಲ್ಲಿಗೆ ಹೋಗುವುದನ್ನು ತಪ್ಪಿಸಲೆಂದೇ ನೀರು ಕುಡಿಯದೆ ದಿನ ಕಳೆಯುತ್ತಾರೆ. ಅವರು ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ. ತುಂಬಿದಂತೆಯೇ ಮನೆಗೆ ಮರಳುವ ಬಾಟಲಿ ಹೇಳುತ್ತದೆ. ನೀರಿನ ಗಂಟೆಯನ್ನು ಆರಂಭಿಸುವ ಶಾಲೆ ಮೊದಲು ಶೌಚಾಲಯದ ಬಾಗಿಲನ್ನು ಸರಿಪಡಿಸಬೇಕು.

ಎರಡು ಭಾಷೆಗಳ ನಡುವಿನ ಮಗು

ಗಡಿಭಾಗದ ಕನ್ನಡ ಶಾಲೆಯ ಶಿಕ್ಷಕರಿಗೆ ಇಲ್ಲಿ ಇನ್ನೊಂದು ಹೊಣೆಯಿದೆ. ಆರೋಗ್ಯ ಕೇಂದ್ರದ ವೈದ್ಯರು ಮರಾಠಿಯಲ್ಲಿ ಕೇಳುತ್ತಾರೆ. ನೋವಿನಲ್ಲಿರುವ ಮಗು ಮನೆಮಾತಿನಲ್ಲಿ ಮಾತ್ರ ಹೇಳಬಲ್ಲದು. ‘ಮುಂಜಾನಿಂದ ಕಾಲ್ಮಡಿಗೆ ಹೋಗಿಲ್ಲ’ ಎಂಬ ಒಂದು ಮಾತು ವೈದ್ಯರಿಗೆ ತಲುಪದಿದ್ದರೆ ಚಿಕಿತ್ಸೆಯೇ ತಡವಾದೀತು. ನೀರಡಿಕೆಗೆ ‘ತಹಾನ್’, ಭೇದಿಗೆ ‘ಜುಲಾಬ್’, ವಾಂತಿಗೆ ‘ಉಲ್ಟಿ’, ಮೂತ್ರಕ್ಕೆ ‘ಲಘವಿ’, ತಲೆಸುತ್ತಿಗೆ ‘ಚಕ್ಕರ್’ ಎಂಬ ಈ ಐದು ಶಬ್ದಗಳನ್ನು ಕನ್ನಡದ ಪದಗಳೊಡನೆ ಗೋಡೆಯ ಮೇಲೆ ಬರೆಸಿ ಮಕ್ಕಳಿಗೆ ರೂಢಿ ಮಾಡಿಸಬೇಕು. ಮಗುವನ್ನು ಕಳುಹಿಸುವಾಗ ಭೇದಿ, ವಾಂತಿ ಎಷ್ಟು ಸಲ ಆಯಿತು, ಕೊನೆಯ ಸಲ ಮೂತ್ರವಾದದ್ದು ಯಾವಾಗ, ಎಷ್ಟು ಓಆರ್‌ಎಸ್ ಕುಡಿಸಲಾಗಿದೆ ಎಂಬುದನ್ನು ಮರಾಠಿಯಲ್ಲಿ ಚೀಟಿಯೊಂದರಲ್ಲಿ ಬರೆದುಕೊಡಬೇಕು.

ತರಗತಿಯ ಚಟುವಟಿಕೆ

ನಾಲ್ಕನೆಯ ಮತ್ತು ಅದಕ್ಕೆ ಮೇಲಿನ ತರಗತಿಗಳಲ್ಲಿ ಮಕ್ಕಳ ತೂಕ ನೋಡಿ, ಮೇಲಿನ ಸೂತ್ರದಿಂದ ಅವರವರ ಅಗತ್ಯವನ್ನು ಅವರಿಂದಲೇ ಲೆಕ್ಕ ಮಾಡಿಸಬಹುದು. 200 ಮಿಲಿಲೀಟರ್ ಲೋಟದಲ್ಲಿ ಅದು ಎಷ್ಟು ಲೋಟವೆಂದು ಕೇಳಬಹುದು. ಗುಂಪುಗಳಾಗಿ ಓಆರ್‌ಎಸ್ ಕಲಸುವ ಅಭ್ಯಾಸ ಮಾಡಿಸಿ, ಅಳತೆ ತಪ್ಪಿದರೆ ಏನಾಗುತ್ತದೆಂದು ಚರ್ಚಿಸಬೇಕು. ಇಂದು ಶಾಲೆಯಲ್ಲಿ ಅಳತೆ ಕಲಿತ ಮಗು ನಾಳೆ ಮನೆಯಲ್ಲಿ ತಮ್ಮನಿಗೋ ತಂಗಿಗೋ ಭೇದಿಯಾದಾಗ ತಾಯಿಯ ಪಕ್ಕದಲ್ಲಿ ನಿಂತು ಲೀಟರಿನ ಲೆಕ್ಕ ಹೇಳಬಲ್ಲದು.